ಬುಧಿ ಕುಂದರನ್

ಕ್ರಿಕೆಟ್ ತಂಡದಲ್ಲಿ ದಾಂಡಿಗರಿಗೆ ಹಲವು ಸ್ಥಾನಗಳುಂಟು; ವಿಕೆಟ್ ರಕ್ಷಕನಿಗೆ ಇರುವುದು ಒಂದೇ. ಆ ಒಂದು ಸ್ಥಾನಕ್ಕಾಗಿ ತಮ್ಮ ಕ್ರೀಡಾಜೀವನದುದ್ದಕ್ಕೂ ಸ್ಪರ್ಧಿಸಬೇಕಾಗಿ ಬಂದ ಧೀರ ಆಟಗಾರ ಬುಧಿ ಕುಂದರನ್.

ಬುಧಿಸಾಗರ ಕೃಷ್ಣಪ್ಪ ಕುಂದರನ್ 1939ರ ಅಕ್ಟೋಬರ್ 2ರಂದು ಕರಾವಳಿಯ ಮೂಲ್ಕಿಯಲ್ಲಿ ಜನಿಸಿದರು, ಬೆಳೆದದ್ದು ಮುಂಬಯಿಯಲ್ಲಿ. 1960ರ ಜನವರಿ 1ರಂದು ಅಲ್ಲಿನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ಅವರಿಗೆ ಇಪ್ಪತ್ತು ವರ್ಷ. ಅದುವರೆಗೆ ಅವರು ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಆಡಿರಲಿಲ್ಲ. ತಮಗೆ ಸ್ಥಾನ ಬಿಟ್ಟುಕೊಟ್ಟ ನರೇನ್ ತಮ್ಹಾಣೆ ಅವರ ಕೈಗವಸುಗಳನ್ನೇ ಎರವಲು ಪಡೆದು ಅವರು ಅಂದು ಕಣಕ್ಕಿಳಿದರು. ಮುಂದೆ ರೈಲ್ವೇಸ್ ತಂಡದ ಪರವಾಗಿ ರಣಜಿ ಟ್ರೋಫಿಗೆ ಕಾಲಿಟ್ಟಾಗ ಮೊದಲ ಪಂದ್ಯದಲ್ಲೇ ದ್ವಿಶತಕ ಬಾರಿಸಿದರು. ಆದರೆ 1961ರಲ್ಲಿ ಫರೂಕ್ ಎಂಜಿನಿಯರ್ ಎಂಬ ಪ್ರತಿಭಾವಂತ ರಕ್ಷಕ ಭಾರತ ತಂಡವನ್ನು ಸೇರಿದ ಬಳಿಕ ಅವರ ಸ್ಥಾನ ಅಸ್ಥಿರವಾಯಿತು.

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಐದು ಟೆಸ್ಟ್‌ಗಳ ಸರಣಿ ಮದರಾಸಿನಲ್ಲಿ ಆರಂಭವಾಯಿತು. ಎಂಜಿನಿಯರ್ ಅಸ್ವಸ್ಥರಾದ ಕಾರಣ ಕುಂದರನ್ ಅವರಿಗೆ ಕೊನೆಯ ಗಳಿಗೆಯಲ್ಲಿ ಕರೆ ಬಂದಿತು. ಅವರು ಮೊದಲ ದಿನವೇ ಔಟಾಗದೆ 170 ಓಟಗಳನ್ನು ಗಳಿಸಿ, ಮರುದಿನ 192ಕ್ಕೆ ಔಟಾದರು. ಇಷ್ಟಾದರೂ ಸರಣಿಯಲ್ಲಿ ಅತ್ಯಧಿಕ ಓಟ ಗಳಿಸುವ ಗೌರವ ಸುಲಭವಾಗಿ ಕೈಗೂಡುವಂತಿರಲಿಲ್ಲ. ಹೈದರಾಬಾದಿನ ಎಂ. ಎಲ್. ಜಯಸಿಂಹ ಸಮಸಮನಾಗಿ ಸ್ಪರ್ಧಿಸಿದರು. ಕಲ್ಕತ್ತೆಯ ಮೂರನೆಯ ಪಂದ್ಯದಲ್ಲಿ ಜಯಸಿಂಹ 129 ಓಟಗಳ ಭವ್ಯ ಆಟವಾಡಿದರು. ಆಗ ಅವರ ಮೊತ್ತ 337, ಕುಂದರನ್ ಅವರದು 325. ಹನ್ನೆರಡು ಓಟಗಳ ಹಿನ್ನಡೆ!

ದಿನವಿಡೀ ವಿಕೆಟ್ಟಿನ ಹಿಂದೆ ಬಗ್ಗಿ ದುಡಿದವನಿಗೆ ದಾಂಡು ಹಿಡಿಯುವ ವೇಳೆಗೆ ದಣಿವು ಸಹಜ. ಕುಂದರನ್ ಎರಡು ಹೊಣೆಗಳನ್ನೂ ಹೊತ್ತು ದೆಹಲಿಯಲ್ಲಿ 40 ಮತ್ತು 100 ಓಟಗಳನ್ನು ಗಳಿಸಿದರು. ಜಯಸಿಂಹ 47 ಮತ್ತು 50 ಗಳಿಸಿದರು. ಈಗ ಕುಂದರನ್ 31 ಓಟಗಳಿಂದ ಮುಂದಾದರು. ಉಳಿದದ್ದು ಕಾನ್ಪುರದ ಪಂದ್ಯವೊಂದೇ. ಅಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಇಬ್ಬರೂ ಐದೈದು ಓಟಗಳಿಗೆ ಔಟಾದರು. ಭಾರತ ಫಾಲೋ ಆನ್‌ಗೆ ಗುರಿಯಾಯಿತು. ಎರಡನೆಯ ಇನಿಂಗ್ಸ್‌ನಲ್ಲಿ ಜಯಸಿಂಹ ಮತ್ತೆ ಐದಕ್ಕೇ ಔಟಾದರು. ಕುಂದರನ್ 55 ಓಟಗಳೊಂದಿಗೆ ತಂಡಕ್ಕೆ ಆಸರೆಯಾದರು. ಸರಣಿಯ ಐದೂ ಪಂದ್ಯಗಳು ಡ್ರಾ ಆದವು. 525 ಓಟಗಳಿಸಿದ ಕುಂದರನ್ ಉಭಯ ತಂಡಗಳ ದಾಂಡಿಗರಲ್ಲಿ ಅಗ್ರಗಣ್ಯರಾದರು. ಕಾನ್ಪುರದಲ್ಲಿ 79 ಮತ್ತು 87 ಗಳಿಸಿದ ದಿಲೀಪ್ ಸರ್ದೇಸಾಯಿ 449ರೊಂದಿಗೆ ಎರಡನೆಯವರಾದರು. ಜಯಸಿಂಹ 444ರಲ್ಲಿ ಉಳಿದರು.

ಆದರೆ ಇಂಥ ಸಾಧನೆಯೂ ಸ್ಥಾನವನ್ನು ಭದ್ರಪಡಿಸಲಿಲ್ಲ. ಅದೇ ವರ್ಷ ಆಸ್ಟ್ರೇಲಿಯ ತಂಡ ಬಂದಾಗ ವಿಕೆಟ್ ರಕ್ಷಣೆಯ ಹೊಣೆ ಇಂದ್ರಜಿತ್‌ಸಿಂಹಜಿ ಅವರಿಗೆ ದೊರೆಯಿತು. ಕುಂದರನ್ ಎದೆಗುಂದಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆಡಿದ ತಮ್ಮ ಕೊನೆಯ ಟೆಸ್ಟ್‌ನಲ್ಲಿ, ತಂಡಕ್ಕೆ ಅಗತ್ಯವೆನಿಸಿದಾಗ ಮೈಸೂರಿನ ವಿ. ಸುಬ್ರಹ್ಮಣ್ಯ ಅವರೊಡನೆ ಬೌಲಿಂಗ್ ಆರಂಭಿಸಲೂ ಅವರು ಹಿಂಜರಿಯಲಿಲ್ಲ. ಅನಂತರ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಆ ನಾಡಿನ ತಂಡಕ್ಕೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ನಿಧನರಾದರು.

ತಂಡದಲ್ಲಿನ ಸ್ಥಾನವು ಇತರರು ಕೊಡುವಂಥದು, ಇತರರು ಹಿಂದಕ್ಕೆ ಪಡೆಯುವಂಥದು. ದುಡಿದು ಗಳಿಸಿದ ಓಟಗಳನ್ನು ಮಾತ್ರ ಯಾರೂ ಕಸಿಯಲಾರರು. ಕುಂದರನ್ ಅವರ 525 ಓಟಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ.