ಸೂಸನ್ನಾ ವೆಸ್ಲಿ ಅಮ್ಮನವರು

ಇಂಗ್ಲೆಂಡ್ ದೇಶದ ಎಪ್‌ವರ್ತ್ ಗ್ರಾಮದ ಸಭಾಪಾಲಕರ ಪತ್ನಿಯಾದ ಇವರು 1669ರಲ್ಲಿ ಹುಟ್ಟಿದರು. ಹೆತ್ತ 19 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎಳವೆಯಲ್ಲಿಯೇ ತೀರಿಹೋದವು. ಸಾಲವು ಮನೆಯನ್ನು ಬಿಡಲಿಲ್ಲ. 1709ರಲ್ಲಿ ಮನೆಯು ಸುಟ್ಟುಹೋಗಿ, ಮಕ್ಕಳು ಪರರ ಮನೆಗಳಲ್ಲಿ ಚದರಿದ್ದು, ಕಲಿತ ನೇಮಗಳನ್ನು ಮರೆತರು. ಮನೆಯನ್ನು ತಿರಿಗಿ ಕಟ್ಟಿದ ಮೇಲೆ ತಾಯಿಯು ಎಲ್ಲವನ್ನೂ ಪುನಃ ಆರಂಭಿಸಿದರು.

ಮಾತು ಬಂದ ಕೂಡಲೇ ಮಗುವು ಏಳುವಾಗಲೂ ಮಲಗುವಾಗಲೂ ಕರ್ತನ ಪ್ರಾರ್ಥನೆಯನ್ನು ಹೇಳಬೇಕಾಗಿತ್ತು. ಐದು ವರುಷ ತುಂಬಿದಾಗ ಅಕ್ಷರ ಕಲಿತು, ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಓದತೊಡಗುವದು. ಇದಲ್ಲದೆ ಒಂದೊಂದು ಮಗುವಿನೊಡನೆ ವಾರಕ್ಕೊಂದು ಸಂಜೆ ಏಕಾಂತವಾಗಿ ಆತ್ಮವಿಷಯವನ್ನು ಮಾತನಾಡುತ್ತಿದ್ದರು. ಗುರುವಾರವು ಜಾನನದು, ಶನಿವಾರವು ಚಾರ್ಲ್ಸನದು. ದೊಡ್ಡವನಾದ ಮೇಲೂ ಜಾನನು ಆ ಗುರುವಾರದ ಸಂಜೆಗಾಗಿ ಹಂಬಲಿಸಿ ತಾಯಿಗೆ ಬರೆದನು. ಮೆಥಡಿಸ್ಟ್ ಸಭೆಗೆ ಮೂಲಪುರುಷರಾದ ಸಹೋದರರು ಇವರೇ.

1742ರಲ್ಲಿ ಅಮ್ಮನವರು ಕರ್ತನಲ್ಲಿ ನಿದ್ರೆಹೋದರು. ಪ್ರಿಯರೇ, ಹೊಲಗದ್ದೆಗಳಿಂದ ನಾವು ದಣಿದು ಬಂದರೂ, ದೀಪ ಹಚ್ಚಿದ ಮೇಲೆ ಒಂದು ಮಗುವಿನ ಬಳಿಯಲ್ಲಿ ಕುಳಿತುಕೊಳ್ಳುವಷ್ಟು ಹೊತ್ತು ನಮಗೂ ಉಂಟು.