ಗುಬ್ಬಿ ವೀರಣ್ಣ: ಕೈಗೆ ಬಂದ ಕಂಪನಿಯನ್ನು ಬೆಳೆಸಿದ ಬಗೆ



ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನೀವು ಒಂದಲ್ಲ ಒಂದು ಕಾರ್ಯಕ್ರಮ ನೋಡಿರಬಹುದು. ಗುಬ್ಬಿ ಕಂಪನಿಯನ್ನು ಕಟ್ಟಿದವರು ವೀರಣ್ಣನವರೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಅವರು ಹುಟ್ಟುವ ಮೊದಲೇ ಆ ಕಂಪನಿ ಹುಟ್ಟಿತ್ತು. ಬೇರೆಯವರು ಕಟ್ಟಿದ್ದನ್ನು ವಹಿಸಿಕೊಂಡು ಬೆಳೆಸಿದವರು ಅವರು. ವ್ಯಾಪಾರಕ್ಕೆ, ಉದ್ಯಮಕ್ಕೆ ಕಾಲಿಡಲಿರುವ ನಮ್ಮ ವಿದ್ಯಾರ್ಥಿಗಳು ಅವರ ಬದುಕನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು.

1884ರಲ್ಲಿ ಗುಬ್ಬಿಯ ಚಂದಣ್ಣನವರು ತಮ್ಮ ಸ್ನೇಹಿತರಾದ ಅಬ್ದುಲ್ ಅಜೀಜ್ ಸಾಹೇಬ್ ಮತ್ತು ಸೂಳೇರಪ್ಪನವರ ಜೊತೆಗೂಡಿ ನಾಟಕ ಸಂಘವೊಂದನ್ನು ಆರಂಭಿಸಿದರು. ಊರಿನ ಆರಾಧ್ಯ ದೈವವಾದ ಚನ್ನಬಸವೇಶ್ವರರ ಹೆಸರನ್ನು ಅದಕ್ಕೆ ಇಟ್ಟರು. ಒಂದು ಊರಿನ ಭಿನ್ನ ಸಮುದಾಯದವರು ಒಟ್ಟಾಗಿ ಕಟ್ಟಿದ ಸಂಸ್ಥೆ ಅದು. ಈ ಮಾತನ್ನು ನಾವು ಮರೆಯಬಾರದು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಆಟವಾಡುವ ವಯಸ್ಸಿನಲ್ಲೇ, ಎಂದರೆ ಸುಮಾರು ಆರನೆಯ ವರ್ಷದಲ್ಲಿ, ಅವರು ಕಂಪನಿ ಸೇರಿದರು. ಶಾಲೆಯ ಓದು ಹೆಚ್ಚು ಸಿಗಲಿಲ್ಲ. ಕಂಪನಿಯೇ ಅವರ ಪಾಠಶಾಲೆಯಾಯಿತು. ಬಾಲಪಾತ್ರಗಳಿಂದ ಆರಂಭಿಸಿ, ಮುಂದೆ ಹಾಸ್ಯಪಾತ್ರಗಳಲ್ಲಿ ಹೆಸರು ಮಾಡಿದರು. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರನ್ನು ಮನೆಮಾತಾಗಿಸಿತು.

1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷ, ಕಂಪನಿಗೆ ಮೂವತ್ಮೂರು ವರ್ಷ! ಸ್ವಲ್ಪ ಯೋಚಿಸಿ ನೋಡಿ. ನಾಟಕ ಕಂಪನಿಯೊಂದನ್ನು ವಹಿಸಿಕೊಳ್ಳುವುದೆಂದರೆ ಪರದೆ, ಪೆಟ್ಟಿಗೆ, ಪೋಷಾಕುಗಳನ್ನು ಪಡೆಯುವುದಷ್ಟೇ ಅಲ್ಲ. ನಟರು, ವಾದ್ಯಗಾರರು, ಅಡಿಗೆಯವರು, ಅವರನ್ನೇ ನಂಬಿದ ಸಂಸಾರಗಳು, ಎಲ್ಲರ ಹೊಣೆಯೂ ಜೊತೆಗೇ ಬರುತ್ತದೆ. ಊರೂರಿಗೆ ಸಾಮಾನು ಸಾಗಿಸಬೇಕು, ಥಿಯೇಟರ್ ಹಾಕಬೇಕು. ಮಳೆ ಹಿಡಿದರೆ ಆ ರಾತ್ರಿಯ ಟಿಕೆಟ್ ಹಣ ಇಲ್ಲ, ಆದರೆ ಊಟದ ಖರ್ಚು ನಿಲ್ಲುವುದಿಲ್ಲ.

ವೀರಣ್ಣನವರು ಮಾಡಿದ್ದೇನು? ಮೊದಲನೆಯದಾಗಿ, ಹಳೆಯ ಹೆಸರನ್ನು ಬಿಡಲಿಲ್ಲ. ಚನ್ನಬಸವೇಶ್ವರರ ಹೆಸರಿನಲ್ಲಿಯೇ ಕಂಪನಿ ಮುಂದುವರಿಯಿತು. ಜನರಿಗೆ ಆ ಹೆಸರಿನ ಮೇಲೆ ವಿಶ್ವಾಸವಿತ್ತು, ಆ ವಿಶ್ವಾಸವೇ ದೊಡ್ಡ ಬಂಡವಾಳ.

ಎರಡನೆಯದಾಗಿ, ಹಳೆಯದಕ್ಕೆ ಹೊಸದನ್ನು ಸೇರಿಸಿದರು. ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿಶಾಸ್ತ್ರಿಗಳು 'ಕೃಷ್ಣಲೀಲಾ' ಮುಂತಾದ ನಾಟಕಗಳನ್ನು ಕಂಪನಿಗೆ ಬರೆದುಕೊಟ್ಟರು. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಕಾಲದಲ್ಲಿ ವೀರಣ್ಣನವರು ಸ್ತ್ರೀಯರನ್ನು ರಂಗಕ್ಕೆ ತಂದರು. ಪತ್ನಿ ಬಿ. ಜಯಮ್ಮನವರು ಖ್ಯಾತ ನಟಿಯಾದರು. 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಾಗ ಜನ ಬೆರಗಾದರು. ಸಿನಿಮಾ ಬಂದಾಗ ಅದಕ್ಕೆ ಹೆದರಿ ಕೂರದೆ ಮೂಕಿ ಚಿತ್ರಗಳ ಕಾಲದಲ್ಲೇ ಆ ಕ್ಷೇತ್ರಕ್ಕೂ ಕೈಹಾಕಿದರು. 'ಹೇಮರೆಡ್ಡಿ ಮಲ್ಲಮ್ಮ' (1945) ಅವರ ಹೆಸರಾಂತ ಚಿತ್ರಗಳಲ್ಲೊಂದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಮ್ಮಲ್ಲಿಗೆ ಬಂದವರನ್ನು ಬೆಳೆಸಿದರು. ರಾಜ್‌ಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಈ ಕಂಪನಿಯಲ್ಲಿದ್ದವರು. ರಾಜ್‌ಕುಮಾರ್ ನಾಯಕರಾದ 'ಬೇಡರ ಕಣ್ಣಪ್ಪ' (1954) ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ಸಂಸ್ಥೆಯ ಪಾಲಿತ್ತು. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಇಲ್ಲಿ ಪಳಗಿದರು. ಹುಡುಗನಾಗಿ ಬಂದು ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಓದಿದ ಹುಡುಗ ಮರಳಿ ಕಂಪನಿಗೆ ಬರುತ್ತಾನೆಂಬ ಖಾತರಿ ಯಾವ ಮಾಲೀಕನಿಗೂ ಇರುವುದಿಲ್ಲ. ಆದರೂ ಕಳುಹಿಸಿದರು. ತಮಗೆ ದಕ್ಕದ ವಿದ್ಯೆ ಇನ್ನೊಬ್ಬರಿಗೆ ದಕ್ಕಲು ಕಾರಣರಾದ ಅವರ ದೊಡ್ಡತನವನ್ನು ಶಿಕ್ಷಣ ಸಂಸ್ಥೆಯವರಾದ ನಾವು ವಿಶೇಷವಾಗಿ ಗಮನಿಸಬೇಕು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷ ಅಕ್ಟೋಬರ್ 18ರಂದು ಅವರು ನಿಧನರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರಂಗಭೂಮಿಯ ಸಾಧಕರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ತಂದೆಯ ಅಂಗಡಿಯಲ್ಲೋ, ಬೇರೆಯವರಿಂದ ಕೊಂಡ ಮಿಲ್ಲಿನಲ್ಲೋ ಮಾಲೀಕರ ಕುರ್ಚಿಯಲ್ಲಿ ಕೂರುವಿರಿ. ಅದಕ್ಕೆ ಮೊದಲು ಅಲ್ಲಿನ ಪ್ರತಿಯೊಂದು ಕೆಲಸವನ್ನೂ ಕೈಯಾರೆ ಮಾಡಿ ಕಲಿಯಿರಿ. ವೀರಣ್ಣನವರು ಇಪ್ಪತ್ತು ವರ್ಷ ದುಡಿದು ಕಲಿತ ನಂತರ ಒಡೆಯರಾದವರು. ಹಳೆಯ ಗಿರಾಕಿಗಳ ನಂಬಿಕೆ ಉಳಿಸಿಕೊಳ್ಳಿ. ನಿಮ್ಮಲ್ಲಿ ದುಡಿಯುವವರ ಮಕ್ಕಳ ಓದಿನ ಬಗ್ಗೆ ವಿಚಾರಿಸಿ. ಹಾಗೆಯೇ, ಮೊದಲು ಅಡಿಪಾಯ ಹಾಕಿದವರನ್ನು ನೆನೆಯಿರಿ. ಇಂದು ಊರಿಗೆಲ್ಲ ಗೊತ್ತಿರುವುದು ವೀರಣ್ಣನವರ ಹೆಸರು. ಆದರೆ ಚಂದಣ್ಣ, ಅಜೀಜ್ ಸಾಹೇಬ್, ಸೂಳೇರಪ್ಪ ಒಂದು ದಿನ ಜೊತೆಗೆ ಕೂತು ಮನಸ್ಸು ಮಾಡದಿದ್ದರೆ, ಅವರು ವಹಿಸಿಕೊಳ್ಳಲು ಕಂಪನಿಯೇ ಇರುತ್ತಿರಲಿಲ್ಲ.