ಬೆರಳ ತುದಿಯ ತೀರ್ಪು

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಬಳಿಯ ಕೂಪ್ವ್ರೇ ಎಂಬ ಊರಿನಲ್ಲಿ. ಅಪ್ಪ ಕುದುರೆಗಳಿಗೆ ಜೀನು, ಲಗಾಮು ಮಾಡುತ್ತಿದ್ದರು. ಮೂರು ವರ್ಷದ ಮಗು ಅಲ್ಲಿ ಆಡುತ್ತಿದ್ದಾಗ ಚರ್ಮ ಚುಚ್ಚುವ ಮೊನಚು ಉಪಕರಣ ಕಣ್ಣಿಗೆ ತಾಗಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷವಾಗುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಯಿತು.

1819ರಲ್ಲಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿನ ಪುಸ್ತಕಗಳಲ್ಲಿ ಮಾಮೂಲಿ ರೋಮನ್ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಹಾಕಿದ್ದರು. ಅದನ್ನು ರೂಪಿಸಿದವರ ಉದ್ದೇಶ ಒಳ್ಳೆಯದೇ, ಆದರೆ ಅವರಿಗೆ ಕಣ್ಣಿತ್ತು. ಕಣ್ಣಿಗೆ ಸಲೀಸಾದ ಅಕ್ಷರ ಬೆರಳಿಗೆ ಒಗಟಾಗಿತ್ತು. ಪುಸ್ತಕ ಭಾರ, ಓದು ನಿಧಾನ, ಮಕ್ಕಳು ತಾವೇ ಬರೆಯುವುದಂತೂ ದೂರದ ಮಾತು.

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬವರ ಚುಕ್ಕೆ ಲಿಪಿ ಶಾಲೆಗೆ ಬಂತು. ಮಕ್ಕಳ ಕೈಗೇ ಕೊಟ್ಟು ನೋಡಿದರು. ಚುಕ್ಕೆ ಬೆರಳಿಗೆ ಹಿಡಿಸಿತು. ಆದರೆ ಒಂದು ಗುರುತಿಗೆ 12 ಚುಕ್ಕೆಗಳವರೆಗೆ ಜಾಗ ಬೇಕಿತ್ತು, ಅಷ್ಟು ಬೆರಳ ತುದಿಗೆ ಒಮ್ಮೆಗೇ ಸಿಗುವುದಿಲ್ಲ. ಉಚ್ಚಾರಣೆ ಮಾತ್ರ ಇತ್ತು, ಕಾಗುಣಿತವಾಗಲಿ ವಿರಾಮಚಿಹ್ನೆಯಾಗಲಿ ಇರಲಿಲ್ಲ. ಬ್ರೈಲ್ ಅದನ್ನು ತಿದ್ದುತ್ತ ಕೂತ. 1824ರ ಹೊತ್ತಿಗೆ, 15ರ ವಯಸ್ಸಿನಲ್ಲಿ, ಆರೇ ಚುಕ್ಕೆಗೆ ಇಳಿಸಿದ. ಅದರಲ್ಲಿ 63 ಗುರುತುಗಳು ಸಿಗುತ್ತವೆ.

ಮುಂದೆ ಅದೇ ಶಾಲೆಯಲ್ಲಿ ಪಾಠ ಹೇಳತೊಡಗಿದ. 1829ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಚುಕ್ಕೆಗಳ ಜೊತೆ ಗೆರೆಗಳೂ ಇದ್ದವು. ಬಳಕೆಯಲ್ಲಿ ಗೆರೆಗಳು ತೊಡಕಾದವು. 1837ರ ಆವೃತ್ತಿಯಲ್ಲಿ ಅವನ್ನು ತೆಗೆದುಹಾಕಿದ.

ಪ್ರಾಡಕ್ಟ್ ಕೆಲಸ ಮಾಡುವ ನಮಗೆ ಇದು ಪರಿಚಿತ ದಾರಿ. ಹೊಸ ಐಡಿಯಾದ ಡೆಮೊವನ್ನು ಮೊದಲು ಮ್ಯಾನೇಜರ್‌ಗೆ ತೋರಿಸುತ್ತೇವೆ, ನಾಲ್ಕು ಜನ ಸ್ನೇಹಿತರಿಗೆ ಫಾರ್ಮ್ ಕಳಿಸುತ್ತೇವೆ. ಎಲ್ಲರೂ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅನ್ನುತ್ತಾರೆ. ದಿನವಿಡೀ ಅದನ್ನು ಬಳಸಬೇಕಾದವರ ಸರದಿ ಕೊನೆಗೆ ಬರುತ್ತದೆ.

ಬ್ರೈಲ್‌ಗೆ ಸಿಕ್ಕ ಉತ್ತರ ದಾಕ್ಷಿಣ್ಯದ್ದಲ್ಲ. 1840ರ ನಂತರ ಶಾಲೆಯ ಹೊಸ ಮುಖ್ಯಸ್ಥರು ಅವನ ಲಿಪಿಯನ್ನು ನಿಷೇಧಿಸಿದರು. ಮಕ್ಕಳು ಕದ್ದುಮುಚ್ಚಿ ಅದರಲ್ಲೇ ಬರೆದರು, ಓದಿದರು. ಬೇಡವೆಂದರೂ ಬಿಡದೆ ಬಳಸುವುದಕ್ಕಿಂತ ದೊಡ್ಡ ಫೀಡ್‌ಬ್ಯಾಕ್ ಯಾವುದಿದೆ? ಕೊನೆಗೆ ಆಡಳಿತವೇ ಮಣಿಯಿತು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಲಿಪಿಯ ಪ್ರದರ್ಶನ ನಡೆಯಿತು.

ಕ್ಷಯದಿಂದ ನರಳಿದ ಬ್ರೈಲ್ 1852ರ ಜನವರಿ 6ರಂದು, 43ರ ವಯಸ್ಸಿನಲ್ಲಿ ತೀರಿಕೊಂಡ. ಶಾಲೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಸಂಕೇತ ಬಂದದ್ದು 1951ರಲ್ಲಿ. ಚೆನ್ನೈ ಬಸ್ಸಿನ ಬೋರ್ಡು ಓದಲು ನಾವಿನ್ನೂ ತಡವರಿಸುತ್ತೇವೆ. ಬೆರಳಿನಿಂದ ಓದುವವರಿಗೆ ಮಾತ್ರ ಕನ್ನಡದ ‘ಕ’, ತಮಿಳಿನ ‘ಕ’, ಮರಾಠಿಯ ‘ಕ’ ಎಲ್ಲವೂ ಅವೇ ಎರಡು ಚುಕ್ಕೆಗಳು.